ಮೇಲಿನ ಮನೆ ಆಂಟಿಯ ಶನಿವಾರದ ಒಪ್ಪತ್ತು

ಮೊನ್ನೆ ಕ್ಲಿನಿಕ್‌ಗೆ ಹೊಟ್ಟೆ ಸ್ಕ್ಯಾನ್‌ಗೆ ಅಂತ ಒಬ್ರು ಬಂದ್ರು. ಎಪ್ಪತ್ತರ ಹತ್ರ ವಯಸ್ಸು, ನಮ್ಮ ಮೈಸೂರು ಕಡೆಯವರೇ. ಫ್ರಂಟ್ ಡೆಸ್ಕಲ್ಲಿ ಫಾಸ್ಟಿಂಗಾ ಅಂತ ಕೇಳಿದ್ದಾರೆ, ಇವರು ಹೌದು ಅಂದಿದ್ದಾರೆ. ಟೇಬಲ್ ಮೇಲೆ ಮಲಗಿಸಿ, ಜೆಲ್ ಹಚ್ಚೋಕೆ ಅಂತ ಹತ್ರ ಬಗ್ಗಿದೆ ನೋಡಿ... ಸಾಸಿವೆ, ಕರಿಬೇವು, ಹಸಿಮೆಣಸಿನಕಾಯಿ ಒಗ್ಗರಣೆ ವಾಸನೆ. ಅದರ ಹಿಂದೆನೇ ಚಿಕೋರಿ ಹಾಕಿದ ಫಿಲ್ಟರ್ ಕಾಫಿ. ಜೆಲ್ ಬಾಟಲು ವಾಪಸ್ ಇಟ್ಟುಬಿಟ್ಟೆ.

"ಅವಲಕ್ಕಿನಾ ಆಂಟಿ?" ಅಂದೆ.

ಅವರು ಛಾವಣಿ ನೋಡ್ಕೊಂಡು, "ಒಂದೇ ಒಂದು ಸೌಟು ಕಣಮ್ಮ" ಅಂದ್ರು.

ಬೈಯೋ ಹಾಗಿಲ್ಲ, ನಗೋ ಹಾಗೂ ಇಲ್ಲ. ಗುರುವಾರಕ್ಕೆ ಬೇರೆ ಅಪಾಯಿಂಟ್‌ಮೆಂಟ್ ಹಾಕಿಸಿ ಕಳಿಸ್ದೆ. ಆದ್ರೆ ಆ ವಾಸನೆ ಮಾತ್ರ ರೂಮ್ ಬಿಟ್ಟು ಹೋಗ್ಲಿಲ್ಲ. ಅಥವಾ ನನ್ನ ಮೂಗು ಬಿಟ್ಟು ಹೋಗ್ಲಿಲ್ವೋ ಏನೋ. ಇಡೀ ದಿನ ಹಿಂದೆ ನಮ್ಮ ಮೇಲಿನ ಮನೇಲಿದ್ದ ಆಂಟಿ ನೆನಪಾಗಿ ನನ್ನ ಜೊತೆಗೇ ಓಡಾಡಿದ್ರು.

ಇಲ್ಲಿ ನನ್ನ ಪೋಸ್ಟ್ ಓದೋವ್ರಲ್ಲಿ ಅರ್ಧ ಜನ ನನ್ನನ್ನ ಡಾಕ್ಟರ್ ಅಂದ್ಕೊಂಡಿದ್ದೀರ. ಅಲ್ಲಪ್ಪ. ನಾನು ಸ್ಕ್ಯಾನ್ ಮಾಡೋವ್ಳು, ಸೋನೋಗ್ರಾಫರ್. ಚಿತ್ರ ತೆಗೆಯೋದು ನಾನು, ಅದನ್ನ ಓದಿ ಏನಾಗಿದೆ ಅಂತ ಹೇಳೋದು ಡಾಕ್ಟರು. ನಡುವೆ ನಾನು ಬಾಯಿ ಬಿಡೋ ಹಾಗಿಲ್ಲ. ಈ ಮಾತು ನೆನಪಿಟ್ಕೊಳ್ಳಿ, ಆಮೇಲೆ ಬೇಕಾಗುತ್ತೆ.

ಮೈಸೂರಲ್ಲಿ ಬಿಎಸ್ಸಿ ಮುಗಿಸಿ, ಮದುವೆ ಆಗಿ, ಗಂಡನ ವೀಸಾ ಬಾಲ ಹಿಡ್ಕೊಂಡು ಈ ಪಾರ್ಸಿಪನಿ ಅನ್ನೋ ಊರಿಗೆ ಬಂದೋಳು ನಾನು. ತುಂಬಾ ವರ್ಷ ಕೆಲಸ ಮಾಡೋ ಹಾಗೇ ಇರ್ಲಿಲ್ಲ. ಗ್ರೀನ್ ಕಾರ್ಡ್ ಬರೋ ಹೊತ್ತಿಗೆ ಮಗಳು ಮಿಡಲ್ ಸ್ಕೂಲು, ನಂಗೆ ನಲವತ್ತು ದಾಟಿತ್ತು. ಎಲ್ರೂ ಸಾಫ್ಟ್‌ವೇರ್ ಟೆಸ್ಟಿಂಗ್ ಕೋರ್ಸ್ ಮಾಡು, ಮನೆಯಿಂದಾನೇ ಕೆಲಸ, ಆರಾಮ ಅಂದ್ರು. ನಂಗೆ ಕಂಪ್ಯೂಟರ್ ಮುಂದೆ ಕೂತ್ರೆ ನಿದ್ದೆ ಬರುತ್ತೆ. ಮಗಳು ಹೊಟ್ಟೇಲಿದ್ದಾಗ ನಂಗೆ ಸ್ಕ್ಯಾನ್ ಮಾಡಿದ ಹೆಂಗಸಿನ ಕೈ ಯಾವಾಗ್ಲೂ ಕಣ್ಮುಂದೆ ಇತ್ತು. ಆ ಕೆಲಸಾನೇ ಕಲೀಬೇಕು ಅಂತ ಹಟ ಹಿಡಿದು ಕೋರ್ಸಿಗೆ ಸೇರ್ಕೊಂಡೆ. ಈ ವಯಸ್ಸಲ್ಲಾ ಅಂತ ನನ್ನ ಗಂಡ ಒಂದು ಸಲ ಕೇಳಿದ್ರು. ಎರಡನೇ ಸಲ ಕೇಳ್ಲಿಲ್ಲ, ಅಷ್ಟು ಬುದ್ಧಿವಂತರು.

ಕ್ಲಾಸಲ್ಲಿ ಎಲ್ಲಾ ಇಪ್ಪತ್ತರ ಮಕ್ಕಳು. ಅವುಗಳ ಬೆರಳು ವಿಡಿಯೋ ಗೇಮ್ ಆಡಿ ಆಡಿ ಪಳಗಿತ್ತು, ನಂದು ಚಪಾತಿ ಲಟ್ಟಿಸಿ. ಪುಸ್ತಕದ ಪಾಠ ತಲೆಗೆ ಹೋಗ್ತಿತ್ತು, ಕೈಗೆ ಇಳೀತಿರ್ಲಿಲ್ಲ. ಹೊಟ್ಟೆ ಮೇಲೆ ಆಡಿಸೋ ಪ್ರೋಬ್ ಒಂಚೂರು ವಾಲಿದ್ರೆ ಸಾಕು, ಸ್ಕ್ರೀನ್ ಮೇಲೆ ಇದ್ದ ಕಿಡ್ನಿ ಮಾಯ. ಶನಿವಾರ ಲ್ಯಾಬ್ ತೆಗೆದಿರ್ತಿತ್ತು. ನಿಮ್ಮ ಮನೆಯವರನ್ನೋ ಸ್ನೇಹಿತರನ್ನೋ ಕರ್ಕೊಂಡ್ಬಂದು ಅವರ ಮೇಲೆ ಅಭ್ಯಾಸ ಮಾಡಿ ಅಂತಿದ್ರು. ಗಂಡನಿಗೆ ಕಚಗುಳಿ, ಮುಟ್ಟಿದ್ರೆ ಹಾರ್ತಾರೆ. ಮಗಳು "ನೋ ವೇ, ಮಾಮ್" ಅಂದು ಬಾಗಿಲು ಹಾಕ್ಕೊಂಡ್ಲು.

ಆಗ ಒಪ್ಪಿದವರು ಮೇಲಿನ ಮನೆ ಆಂಟಿ.

ಮಂಡ್ಯ ಕಡೆಯವರು. ಗಂಡ ಹೋದ್ಮೇಲೆ ಮಗಳ ಜೊತೆ ಇರೋಕೆ ಬಂದಿದ್ರು. ಸುಮ್ಮನೆ ಕೂತ್ರೆ ಮೈ ನೋಯುತ್ತೆ ಅಂತ ಹೈವೇ ಪಕ್ಕದ ಇಂಡಿಯನ್ ಅಂಗಡೀಲಿ ದೋಸೆ ಹಿಟ್ಟು ರುಬ್ಬಿ ಡಬ್ಬಕ್ಕೆ ತುಂಬೋ ಕೆಲಸ ಹಿಡಿದಿದ್ರು. ನಮ್ಮ ಅಪಾರ್ಟ್‌ಮೆಂಟಿನ ಲಾಂಡ್ರಿ ರೂಮಲ್ಲಿ ಪರಿಚಯ. ನಾನು ಸುಮ್ಮನೆ ಗೋಳು ಹೇಳ್ಕೊಂಡಿದ್ದು. ಅವರು ಒಗೆದ ಬಟ್ಟೆ ಮಡಚ್ತಾನೇ, ನನ್ನ ಹೊಟ್ಟೆ ಇದೆಯಲ್ಲ, ಇಷ್ಟು ದೊಡ್ಡದು, ಯಾರಿಗೂ ಉಪಯೋಗಕ್ಕೆ ಬರ್ತಿಲ್ಲ, ಬೇಕಾದ್ರೆ ತಗೋ ಅಂದ್ರು. ಅಷ್ಟೇ. ಮುಂದಿನ ಶನಿವಾರದಿಂದ ಅಂಗಡಿಗೆ ಮಧ್ಯಾಹ್ನ ಬರ್ತೀನಿ ಅಂತ ಯಜಮಾನನಿಗೆ ಹೇಳಿಬಿಟ್ರು. ಶನಿವಾರಾನೇ ಅಲ್ಲಿ ಜನ ಜಾಸ್ತಿ, ಅವನು ಗೊಣಗಿದ್ನಂತೆ. ಹಾಗಾದ್ರೆ ನೀನೇ ರುಬ್ಕೋ ಅಂದ್ರಂತೆ.

ಲ್ಯಾಬಿನ ಪೇಪರ್ ಟವೆಲ್ ಅವರಿಗೆ ಆಗ್ತಿರ್ಲಿಲ್ಲ. ಹೊಟ್ಟೆ ಮೇಲಿನ ಜೆಲ್ ಒರೆಸ್ಕೊಳ್ಳೋಕೆ ಒಂದು ತೆಳು ಚೌಕುಳಿ ಟವೆಲ್ ತರ್ತಿದ್ರು. ಮಲಗಿದ ಕೂಡ್ಲೇ ಮಾತು ಶುರು. ಲಿವರ್ ಚೆನ್ನಾಗಿ ಕಾಣ್ಬೇಕು ಅಂದ್ರೆ ಉಸಿರು ಒಳಗೆ ಎಳ್ಕೊಂಡು ಹಿಡ್ಕೋಬೇಕು. ಇವರು ಮಾತಿನ ಮಧ್ಯೆ ಹಿಡೀತಿದ್ರು. ನಾನು ಸ್ಕ್ರೀನ್ ನೋಡ್ತಾ ನೋಡ್ತಾ ಉಸಿರು ಬಿಡಿ ಅನ್ನೋದನ್ನೇ ಮರೀತಿದ್ದೆ. ಅವರ ಮುಖ ಬದನೆಕಾಯಿ ಬಣ್ಣಕ್ಕೆ ತಿರುಗಿ, ಕೈಯಲ್ಲಿ ಟೇಬಲ್ ಬಡೀತಿದ್ರು.

"ಬುಡು ಅನ್ನು ಕಣಮ್ಮಿ, ಸತ್ತೋಯ್ತೀನಿ!"

ಪಕ್ಕದ ಟೇಬಲ್ಲಿನ ಹುಡುಗ್ರೆಲ್ಲಾ ತಿರುಗಿ ನೋಡೋವ್ರು.

ಇಷ್ಟೆಲ್ಲಾ ಆಗಿ ಪರೀಕ್ಷೆ ಬಂತು. ಪಿತ್ತಕೋಶ, ಅದೇ ಗಾಲ್ ಬ್ಲಾಡರ್, ಅದನ್ನ ಹುಡುಕಿ ಎಲ್ಲಾ ಕಡೆಯಿಂದ ಚಿತ್ರ ತೆಗೀಬೇಕು. ಎರಡೇ ಅವಕಾಶ. ಎರಡೂ ಹೋದ್ರೆ ಆ ವರ್ಷ ಮನೆಗೆ. ಮುಂದಿನ ವರ್ಷ ಮತ್ತೆ ಅರ್ಜಿ, ಸೀಟು ಸಿಕ್ಕಿದ್ರೆ ಸಿಕ್ತು. ಆ ಹುಡುಗ್ರಿಗೆ ವರ್ಷ ಅಂದ್ರೆ ವರ್ಷ ಅಷ್ಟೇ. ನಂಗೆ ಹಾಗಲ್ಲ. ಒಂದು ಸಲ ಮನೇಲಿ ಕೂತ್ರೆ ಮತ್ತೆ ಏಳಲ್ಲ ಅಂತ ನನ್ನ ಬಗ್ಗೆ ನಂಗೆ ಚೆನ್ನಾಗಿ ಗೊತ್ತಿತ್ತು.

ಪಿತ್ತಕೋಶದ ಗುಟ್ಟು ಇಷ್ಟೇ. ಹೊಟ್ಟೆ ಖಾಲಿ ಇದ್ರೆ ಅದು ತುಂಬ್ಕೊಂಡು ದಪ್ಪಗೆ ಎದ್ದು ಕಾಣುತ್ತೆ. ತಿಂದ್ರೆ, ಅದರಲ್ಲೂ ಎಣ್ಣೆ ಕೊಬ್ಬು ಇದ್ರೆ, ಹಿಂಡ್ಕೊಂಡು ಮುದುರಿಬಿಡುತ್ತೆ. ಆಂಟಿಗೆ ಹಿಂದಿನ ದಿನಾನೇ ಹೇಳಿದ್ದೆ, ನಾಳೆ ಉಪವಾಸ ಇರ್ಬೇಕು ಅಂತ. ಅವರು ನನ್ನನ್ನೇ ಗದರಿದ್ರು. ಶನಿವಾರ ಯಾವತ್ತಿಂದಾನೋ ಒಪ್ಪತ್ತು ನಾನು, ನೀನು ನಂಗೆ ಹೇಳಿಕೊಡ್ತೀಯಾ ಅಂತ.

ಅವತ್ತು ಪ್ರೋಬ್ ಇಟ್ಟೆ. ಇಲ್ಲ. ವಾಲಿಸ್ದೆ, ಒತ್ತಿದೆ, ಉಸಿರು ಎಳೆಸ್ದೆ, ಎಡಕ್ಕೆ ತಿರುಗಿಸ್ದೆ. ಪಿತ್ತಕೋಶ ಇರೋ ಜಾಗದಲ್ಲಿ ಏನೋ ಮಸುಕು. ನಮ್ಮ ಇನ್‌ಸ್ಟ್ರಕ್ಟರ್ ದೂರದ ಕ್ವೀನ್ಸಿಂದ ಡ್ರೈವ್ ಮಾಡ್ಕೊಂಡು ಬರ್ತಿದ್ದ ಹೆಂಗಸು, ನಗೋದು ಅಪರೂಪ. ಕೊನೆಗೆ ಆಕೇನೇ ಪ್ರೋಬ್ ತಗೊಂಡು ಒಂದು ಒಣದ್ರಾಕ್ಷಿ ಥರ ಮುದುರಿದ್ದನ್ನ ತೋರಿಸಿದ್ರು. ಇವರು ಫಾಸ್ಟಿಂಗಾ ಅಂತ ನನ್ನ ಕೇಳಿದ್ರು. ಹೌದು ಅಂದೆ. ಆಂಟಿನೂ ಜೋರಾಗಿ ತಲೆ ಆಡಿಸಿ "ಯೆಸ್ ಯೆಸ್, ಸ್ಯಾಟರ್ಡೇ ಫಾಸ್ಟಿಂಗ್" ಅಂದ್ರು. ನಂಗೆ ಆಗ ಎಲ್ಲೋ ಚುರ್ ಅಂತು. ಬೆಳಿಗ್ಗೆ ಏನಾದ್ರೂ ತಿಂದ್ರಾ ಆಂಟಿ ಅಂತ ಕನ್ನಡದಲ್ಲಿ ಕೇಳ್ದೆ.

"ಏನೂ ತಿಂದಿಲ್ಲ ಕಣಮ್ಮಿ. ವಸಿ ಅವಲಕ್ಕಿ. ಕಾಯಿತುರಿ ಹಾಕ್ಕೊಂಡು. ಒಂದು ಲೋಟ ಕಾಫಿ. ಅನ್ನ ಮುಟ್ಟಿಲ್ಲ, ಆಣೆಗೂ."

ನಮ್ಮ ಕಡೆ ಒಪ್ಪತ್ತು ಅಂದ್ರೆ ಇನ್ನೇನು ಮತ್ತೆ? ಅನ್ನ ಒಂದೇ ಹೊತ್ತು, ಇನ್ನೊಂದು ಹೊತ್ತಿಗೆ ಫಲಾಹಾರ. ನಮ್ಮಮ್ಮನೂ ಹಾಗೇ ಮಾಡ್ತಿದ್ರು. ಅದು ನಂಗೆ ಗೊತ್ತಿತ್ತು, ಗೊತ್ತಿದ್ದೂ ಹೊಳೀಲಿಲ್ಲ. ಇನ್‌ಸ್ಟ್ರಕ್ಟರ್‌ಗೆ ಈ ಪುರಾಣ ಇಂಗ್ಲಿಷಲ್ಲಿ ಹೇಳೋಕೆ ಹೋದೆ. ಆಕೆ ಕೇಳಿಸ್ಕೊಂಡು, ಪೇಷೆಂಟ್ ತಪ್ಪಲ್ಲ, ಸರಿಯಾಗಿ ಕೇಳೋದು ನಿನ್ನ ಕೆಲಸ ಅಂದು ಫೇಲ್ ಅಂತ ಹಾಕಿದ್ರು.

ವಾಪಸ್ ಬರೋವಾಗ ಕಾರಲ್ಲಿ ನಾನು ಅಳ್ಲಿಲ್ಲ. ಸ್ಟಿಯರಿಂಗ್ ಗಟ್ಟಿಯಾಗಿ ಹಿಡ್ಕೊಂಡಿದ್ದೆ. ಆಂಟಿ ಹೋಗ್ಲಿ ಬಿಡು ಅಂತ ಸಮಾಧಾನಾನೂ ಹೇಳ್ಲಿಲ್ಲ. ಪಾರ್ಕಿಂಗ್ ಲಾಟಲ್ಲಿ ಇಳಿಯೋವಾಗ ಮಾತ್ರ, ಇನ್ನೊಂದು ಸಲ ಐತಲ್ಲ, ನಾನೇ ಬರ್ತೀನಿ, ಬೇರೆಯವರನ್ನ ಕರೆದ್ರೆ ನೋಡು ಅಂದ್ರು. ಬೆದರಿಕೆ ಥರಾನೇ ಇತ್ತು.

ಆಮೇಲಿನ ದಿನಗಳಲ್ಲಿ ಸಂಜೆ ಅಂಗಡಿಯಿಂದ ಬಂದೋರು ಸೀದಾ ನಮ್ಮ ಸೋಫಾ ಮೇಲೆ ಮಲಗೋರು. ಪ್ರೋಬ್ ಬದಲು ಸೋಪಿನ ಡಬ್ಬ. ನಾನು ಅವರ ಪಕ್ಕೆ ಮೇಲೆ ಡಬ್ಬ ಇಟ್ಕೊಂಡು, ಎಳ್ಕೊಳಿ, ಹಿಡ್ಕೊಳಿ, ಬಿಡಿ, ಎಡಕ್ಕೆ ತಿರುಗಿ, ಅಂತ ಬಾಯಿಪಾಠ ಮಾಡ್ತಿದ್ದೆ. ಬಿಡಿ ಅನ್ನೋದು ಮರೆತ್ರೆ ತೊಡೆಗೆ ಚಿವುಟ್ತಿದ್ರು. ಸ್ವಲ್ಪ ದಿನಕ್ಕೆ ಆ ಮಾತು ನನ್ನ ಬಾಯಲ್ಲಿ ತಾನಾಗೇ ಬರೋಕೆ ಶುರುವಾಯ್ತು. ಕೈ ಕೂಡ ಬಾಯಿ ಹಿಂದೆನೇ ಕಲೀತು. ನನ್ನ ಮಗಳು ಒಂದು ದಿನ ಹೋಮ್‌ವರ್ಕ್ ಬಿಟ್ಟು ಬಂದು ನೋಡಿ, "ಯು ಗೈಸ್ ಆರ್ ಸೋ ವಿಯರ್ಡ್" ಅಂದ್ಲು. ಆಂಟಿಗೆ ಅರ್ಥ ಆಗ್ಲಿಲ್ಲ. ಚೆನ್ನಾಗಿ ಓದ್ಕೋ ಮಗ ಅಂದ್ರು.

ಎರಡನೇ ಪರೀಕ್ಷೆ ದಿನ ಅವರನ್ನ ಕರ್ಕೊಂಡು ಹೋಗೋಕೆ ಮೇಲೆ ಹೋದ್ರೆ, ಮನೇಲಿ ಕಾಫಿ ವಾಸನೆ ಇಲ್ಲ. ಹಿಂದಿನ ದಿನ ಸಂಜೆಯಿಂದ ಹನಿ ನೀರೂ ಮುಟ್ಟಿಲ್ಲ, ನಿಟ್ಟುಪವಾಸ. ನೀರು ಕುಡೀಬಹುದಿತ್ತಲ್ಲ ಆಂಟಿ ಅಂದ್ರೆ, ಸುಮ್ಕೆ ನಡಿ ಅಂದ್ರು. ಅನ್ನ ಬಿಡೋದು ದೊಡ್ಡದಲ್ಲ. ಬೆಳಿಗ್ಗೆ ಕಾಫಿ ಬಿಡೋದಿದೆಯಲ್ಲ, ನಮ್ಮ ಕಡೆಯವರಿಗೆ ಅದು ತಪಸ್ಸು. ತಲೆಗೊಂದು ಬಟ್ಟೆ ಬಿಗಿದ್ಕೊಂಡಿದ್ರು. ಅಷ್ಟು ವಾಚಾಳಿ ಹೆಂಗಸು ದಾರಿ ಉದ್ದಕ್ಕೂ ಒಂದು ಮಾತಾಡ್ಲಿಲ್ಲ. ನಂಗೆ ಪರೀಕ್ಷೆಗಿಂತ ಅದೇ ಭಯ ಆಯ್ತು.

ಪ್ರೋಬ್ ಇಟ್ಟೆ. ಗ್ಯಾಸ್ ಅಡ್ಡ ಬಂದು ಅರ್ಧ ಸ್ಕ್ರೀನ್ ಬೂದಿ ಬೂದಿ. ಇನ್‌ಸ್ಟ್ರಕ್ಟರ್ ಹಿಂದೆ ನಿಂತಿದ್ರು. ಎಡಕ್ಕೆ ತಿರುಗಿ ಆಂಟಿ ಅಂದೆ. ಅವರಿಗೆ ಎಡ ಸೊಂಟ ನೋವು, ಹಲ್ಲು ಕಚ್ಕೊಂಡು ತಿರುಗಿದ್ರು. ಎಳ್ಕೊಳಿ... ಹಿಡ್ಕೊಳಿ...

ಬಂತು. ಲಿವರ್ ಕೆಳಗಿಂದ ಜಾರಿಕೊಂಡು, ಕಪ್ಪಗೆ, ನುಣ್ಣಗೆ, ಎಳೇ ಬದನೆಕಾಯಿ ಥರ ತುಂಬ್ಕೊಂಡು ಕೂತಿತ್ತು. ಅಷ್ಟು ಚೆಂದದ್ದನ್ನ ನಾನು ಅವತ್ತಿನವರೆಗೆ ನೋಡಿರ್ಲಿಲ್ಲ. ಉದ್ದಕ್ಕೆ, ಅಡ್ಡಕ್ಕೆ, ಅಳತೆ, ಎಲ್ಲಾ ತೆಗೆದೆ. ಒಂದೊಂದಕ್ಕೂ "ಬಿಡಿ" ಅಂದೆ. ಒಂದು ಸಲಾನೂ ಮರೀಲಿಲ್ಲ. ಇನ್‌ಸ್ಟ್ರಕ್ಟರ್ ಪಾಸ್ ಅಂದಿದ್ದು ನಂಗೆ ಸರಿಯಾಗಿ ಕೇಳಿಸ್ಲೂ ಇಲ್ಲ.

ಆಂಟಿ ಎದ್ದು ಕೂತು ಚೌಕುಳಿ ಟವೆಲ್ಲಲ್ಲಿ ಹೊಟ್ಟೆ ಒರೆಸ್ಕೊಳ್ತಾ, ಹೆಂಗೈತೆ ನನ್ನ ಒಳಗೆ ಅಂತ ಕೇಳಿದ್ರು. ನಾವು ಹೇಳೋ ಹಾಗಿಲ್ಲ ಆಂಟಿ, ನಿಯಮ ಅಂದೆ. ಅವರು ನನ್ನನ್ನೇ ದಿಟ್ಟಿಸಿ ನೋಡಿದ್ರು.

"ನನ್ನ ಹೊಟ್ಟೆ ಸುದ್ದಿ ನಂಗೇ ಇಲ್ವಾ? ಭಲೇ ಕೆಲಸ ಹಿಡಿದೆ ಕಣಮ್ಮಿ. ಮೊದ್ಲು ಕಾಫಿ ಕುಡ್ಸು."

ನಮ್ಮವರು ಜಾಸ್ತಿ ಇರೋ ಎಡಿಸನ್ ತನಕ ಡ್ರೈವ್ ಮಾಡ್ಕೊಂಡು ಹೋಗಿ ಹೋಟ್ಲಲ್ಲಿ ಕಾಫಿ ಕುಡಿಸಿದೆ. ಒಂದು ಲೋಟ, ಆಮೇಲೆ ಇನ್ನೊಂದು. ಮೂರನೇದಕ್ಕೆ ಹಳೇ ವಾಚಾಳಿತನ ವಾಪಸ್ ಬಂತು.

ನಾನು ಕೋರ್ಸ್ ಮುಗಿಸಿ ಕೆಲಸಕ್ಕೆ ಸೇರೋ ಹೊತ್ತಿಗೆ ಅವರ ಮಗಳಿಗೆ ಟೆಕ್ಸಸ್‌ನಲ್ಲಿ ಕೆಲಸ ಸಿಕ್ತು, ಆಂಟಿನೂ ಹೊರಟ್ರು. ಶನಿವಾರ ಫೋನ್ ಮಾಡೋರು. ಇವತ್ತು ಎಷ್ಟು ಜನದ ಹೊಟ್ಟೆ ನೋಡ್ದೆ, ಎಲ್ರಿಗೂ ಬುಡು ಅಂದ್ಯಾ ಇಲ್ವಾ ಅಂತ ಕೇಳೋರು.

ಒಂದು ಶನಿವಾರ ದನಿ ಸಣ್ಣಗಿತ್ತು. ಹೊಟ್ಟೆನೋವು ಅಂತ ಅಲ್ಲಿ ಸ್ಕ್ಯಾನ್ ಮಾಡಿಸ್ಕೊಂಡು ಬಂದಿದ್ರು. ಮಾಡಿದ ಹುಡುಗಿ ತುಂಬಾ ಒಳ್ಳೆಯವಳಂತೆ, ಮೊಮ್ಮಕ್ಕಳು ಎಷ್ಟು, ಎಲ್ಲಿಂದ ಬಂದ್ರಿ ಅಂತ ನಗ್ತಾ ಮಾತಾಡ್ತಿದ್ಲಂತೆ.

"ಅರ್ಧಕ್ಕೆ ಸುಮ್ಕಾಗ್ಬುಟ್ಲು ಕಣಮ್ಮಿ. ಆಮೇಲೆ ಮಾತೇ ಇಲ್ಲ. ನೀನೂ ಹಂಗೆ ಸುಮ್ಕಾಯ್ತೀಯಾ?"

ನಾನು ಅಡುಗೆ ಮನೇಲಿ ನಿಂತಿದ್ದೆ. ಆ ಸುಮ್ಮನಾಗೋದು ಏನು ಅಂತ ನಂಗೆ ಗೊತ್ತು. ನಮ್ಮ ಕೆಲಸದವರಿಗೆಲ್ಲಾ ಗೊತ್ತು. ಸ್ಕ್ರೀನ್ ಮೇಲೆ ಇರಬಾರದ್ದು ಕಂಡಾಗ ಬಾಯಿ ತಾನಾಗೇ ಕಟ್ಟಿಹೋಗುತ್ತೆ. ಗಮನ ಕೊಟ್ಟು ಮಾಡೋವಾಗ ಹಾಗಾಗುತ್ತೆ ಆಂಟಿ, ಡಾಕ್ಟರ್ ಹೇಳ್ತಾರೆ, ಅವರನ್ನ ಕೇಳಿ ಅಂದೆ. ಅವರು ನಕ್ರು. "ನೀನು ಚೆನ್ನಾಗೇ ಕಲ್ತಿದ್ದೀಯ ಬುಡು" ಅಂದ್ರು.

ಆ ಚಳಿಗಾಲ ದಾಟ್ಲಿಲ್ಲ ಅವರು. ಇಲ್ಲಿ ಹಿಮ ಬಿದ್ದು ಫ್ಲೈಟ್ ಎಲ್ಲಾ ಕ್ಯಾನ್ಸಲ್ ಆಗಿತ್ತು, ನಂಗೆ ಹೋಗೋಕೂ ಆಗ್ಲಿಲ್ಲ. ಅವರ ಮಗಳು ಆಮೇಲೆ ಆ ಚೌಕುಳಿ ಟವೆಲ್ ಪೋಸ್ಟಲ್ಲಿ ಕಳಿಸಿಕೊಟ್ಲು. ಅದನ್ನ ನಾನು ಒಗೆದಿಲ್ಲ...

ಇವತ್ತು ಗುರುವಾರ. ಒಗ್ಗರಣೆ ಆಂಟಿ ವಾಪಸ್ ಬಂದಿದ್ರು. ಫಾಸ್ಟಿಂಗಾ ಅಂತ ನಾನು ಕೇಳೋದೇ ಇಲ್ಲ ಈಗ. ಎದ್ದಾಗಿನಿಂದ ಬಾಯಿಗೆ ಏನೇನು ಹಾಕ್ಕೊಂಡ್ರಿ, ಕಾಫಿ ಸೇರಿಸಿ ಹೇಳಿ ಅಂತ ಕೇಳ್ತೀನಿ. ಏನೂ ಇಲ್ಲ ಅಂತ ಸಿಡುಕಿಕೊಂಡು ಹೇಳಿದ್ರು, ನಂಬಿದೆ. ಕಾಫಿ ಕುಡಿದವರು ಅಷ್ಟು ಸಿಡುಕಲ್ಲ.

ಪ್ರೋಬ್ ಇಟ್ಟೆ. ಗಟ್ಟಿ ಅವಲಕ್ಕಿನಾ, ತೆಳು ಅವಲಕ್ಕಿನಾ, ನೀರಲ್ಲಿ ನೆನೆಸ್ತೀರೋ ಮಜ್ಜಿಗೇಲೋ, ಎಳ್ಕೊಳಿ, ಹಿಡ್ಕೊಳಿ, ಬಿಡಿ, ಕಾಯಿತುರಿ ಫ್ರೋಜನ್ ಪ್ಯಾಕೆಟ್ಟಿಂದಾ ತಾಜಾದಾ, ಎಡಕ್ಕೆ ತಿರುಗಿ. ಎಷ್ಟು ಮಾತಾಡ್ತೀಯಮ್ಮ ನೀನು ಅಂದ್ರು ಅವರು, ಅರ್ಧಕ್ಕೆ. ನಾನು ನಿಲ್ಲಿಸ್ಲಿಲ್ಲ. ಮೊದಲನೇ ಚಿತ್ರದಿಂದ ಕೊನೇದರವರೆಗೆ ಒಂದೇ ದನಿ, ಒಂದೇ ಲಯ. ಮೇಲಿನ ಮನೆ ಆಂಟಿ ಹೋದ್ಮೇಲೆ ನಾನು ಯಾರ ಹೊಟ್ಟೆ ಮೇಲೂ ಸುಮ್ಮನಾಗಿಲ್ಲ, ಆಗೋದೂ ಇಲ್ಲ.

ಸ್ಕ್ರೀನ್ ಮೇಲೆ ಏನಿತ್ತು ಅಂತ ಅವರಿಗೂ ಹೇಳ್ಲಿಲ್ಲ, ನಿಮಗೂ ಹೇಳಲ್ಲ. ಟೇಬಲ್ ಇಳಿದವರು ಮೊದ್ಲು ಕೇಳಿದ್ದು, ಇಲ್ಲಿ ಒಳ್ಳೆ ಕಾಫಿ ಎಲ್ಲಿ ಸಿಗುತ್ತೆ ಅಂತ. ಹೇಳ್ದೆ. ಅವರು ಹೋದ್ಮೇಲೆ ಇದನ್ನ ನಮ್ಮ ಮೇಲಿನ ಮನೆ ಆಂಟಿಗೆ ಹೇಳೋಣ ಅಂತ ಫೋನ್ ತಗೊಂಡೆ. ಆ ನಂಬರ್ ಇನ್ನೂ ಇದೆ ನನ್ನ ಹತ್ರ. ಎತ್ತೋವ್ರು ಇಲ್ಲ.