ಮೆಟ್ಟಿಲ ಕೆಳಗಿನ ಅಚ್ಚುಕೂಟ

ಅಜ್ಜಿ ಮೂವತ್ತೊಂದು ವರ್ಷ ಅಚ್ಚುಕೂಟದಲ್ಲಿ ಮೊಳೆ ಜೋಡಿಸಿದವರು. ಒಂದೊಂದೇ ಅಕ್ಷರದ ಸೀಸದ ಅಚ್ಚನ್ನು ಪೆಟ್ಟಿಗೆಯಿಂದ ಹೆಕ್ಕಿ, ಸಾಲು ಕಟ್ಟಿ, ಪುಟ ಮಾಡುವ ಕೆಲಸ. ಕಂಪ್ಯೂಟರು ಬಂದು ಅಚ್ಚುಕೂಟ ಬಾಗಿಲು ಹಾಕಿದ ಮೇಲೆ ಮಗಳ ಮನೆ ಸೇರಿದ್ದರು. ಕೆಲಸ ಹೋದರೂ ಕಣ್ಣಿನ ಚಾಳಿ ಹೋಗಿರಲಿಲ್ಲ. ಔಷಧಿ ಅಂಗಡಿಯ ಬೋರ್ಡಿನಲ್ಲಿ ಒಂದು ಒತ್ತಕ್ಷರ ತಪ್ಪಿದ್ದರೂ ಸರಿ, ಒಳಗೆ ಹೋಗಿ ಹೇಳಿ ಬರುವ ತನಕ ಅವರಿಗೆ ಸಮಾಧಾನವಿಲ್ಲ.

ಆ ಕಣ್ಣಿಗೇ ಒಂದು ದಿನ ಮೊಮ್ಮಗಳು ಸಿಕ್ಕಿಬಿದ್ದಳು.

ಮೂರನೇ ಕ್ಲಾಸಿನ ಪುಟ್ಟಿ ದಿನಾ ಸಂಜೆ ಅಡುಗೆಮನೆಯ ಹೊಸಿಲ ಬಳಿ ಕೂತು ಪಾಠ ಓದುತ್ತಿದ್ದಳು. ನೀರು ಹರಿದ ಹಾಗೆ ಓದು. ಅವತ್ತು ಅಜ್ಜಿ ಸುಮ್ಮನೆ ಹಿಂದೆ ನಿಂತು ನೋಡಿದರು. ಬಾಯಿ ನರಿಯ ಪಾಠ ಹೇಳುತ್ತಿತ್ತು. ತೊಡೆಯ ಮೇಲೆ ತೆರೆದಿದ್ದದ್ದು ಹಲ್ಲುಜ್ಜುವ ಪಾಠ. ಎರಡು ಹಾಳೆ ಒಟ್ಟಿಗೆ ಮಗುಚಿದ್ದು ಹುಡುಗಿಗೆ ಗೊತ್ತೇ ಆಗಿರಲಿಲ್ಲ.

ಅಜ್ಜಿ ಪಕ್ಕದಲ್ಲಿ ಕೂತು ಒಂದು ಪದದ ಮೇಲೆ ಬೆರಳಿಟ್ಟರು. "ಇದೇನು ಹೇಳು."

ಪುಟ್ಟಿ ಬೆರಳು ನೋಡಿದಳು, ಚಿತ್ರ ನೋಡಿದಳು, "ಬ್ರಷ್ಷು" ಎಂದಳು. ಅಲ್ಲಿದ್ದದ್ದು 'ಬೆಳಿಗ್ಗೆ'.

ಅಜ್ಜಿ ಪುಸ್ತಕ ಮುಚ್ಚಿದರು. ಪುಟ್ಟಿಯ ಕಣ್ಣು ತುಂಬಿಬಂತು. "ಅಮ್ಮಂಗೆ ಹೇಳ್ಬೇಡ ಅಜ್ಜಿ. ಕ್ಲಾಸಲ್ಲಿ ಪಕ್ಕದವಳು ಓದೋದನ್ನ ಕೇಳಿಸ್ಕೊಂಡು ಬಾಯಿಪಾಠ ಮಾಡ್ಕೊಳ್ತೀನಿ. ನಂಗೆ ಅಕ್ಷರ ಎಲ್ಲಾ ಒಂದೇ ಥರ ಕಾಣತ್ತೆ."

ಜೀವನವಿಡೀ ಅಕ್ಷರ ಹೆಕ್ಕಿದವರ ಮನೆಯಲ್ಲಿ, ಮೂಗಿನ ಕೆಳಗೇ ಎರಡು ವರ್ಷ ಈ ಗಿಣಿಪಾಠ ನಡೆದಿತ್ತು. ತಾವು ಅದನ್ನು ಕೇಳಿ ಹಿಗ್ಗಿದ್ದನ್ನು ನೆನೆದು ಅಜ್ಜಿಗೆ ನಾಚಿಕೆಯಾಯಿತು.

ಮಗಳು ಆಸ್ಪತ್ರೆಯಲ್ಲಿ ನರ್ಸು. ಪಾಳಿ ಮುಗಿಸಿ ಬಂದವಳು ವಿಷಯ ಕೇಳಿ, ಕಾಲು ನೀವಿಕೊಳ್ಳುತ್ತಾ ಹೇಳಿದಳು: "ತಲೆ ಕೆಡಿಸ್ಕೋಬೇಡಮ್ಮ. ದೊಡ್ಡವಳಾಗ್ತಾ ತಾನಾಗೇ ಬರತ್ತೆ."

"ಹಲ್ಲು ತಾನಾಗೇ ಬರತ್ತೆ ಕಣೇ, ಓದು ಬರಲ್ಲ. ನಾಳೆ ಶಾಲೆಗೆ ಹೋಗ್ತೀನಿ."

ಕ್ಲಾಸ್ ಟೀಚರ್ ಮುಚ್ಚಿಡಲಿಲ್ಲ. "ನಲವತ್ತಾರು ಮಕ್ಕಳಮ್ಮ. ಪುಟ್ಟಿ ಥರದವರು ಇನ್ನೂ ಏಳು ಜನ ಇದ್ದಾರೆ. ಒಬ್ಬೊಬ್ಬರನ್ನೇ ಕೂರಿಸ್ಕೊಳ್ಳೋಕೆ ನಂಗೆ ಪುರುಸೊತ್ತೇ ಸಿಗಲ್ಲ."

"ಆ ಎಂಟು ಜನರನ್ನ ನಂಗೆ ಕೊಡಿ."

ಹೆಡ್‌ಮಾಸ್ಟರ್ ಒಪ್ಪಲಿಲ್ಲ. ಹೊರಗಿನವರನ್ನು ಬಿಡುವ ಹಾಗಿಲ್ಲ, ಅಲ್ಲದೆ ಅಕ್ಷರವೆಲ್ಲ ಒಂದನೇ ಕ್ಲಾಸಿನಲ್ಲೇ ಮುಗಿದಿದೆ ಎಂದರು. "ಮುಗಿದಿದೆ ಸಾರ್, ಸರಿ. ಯಾರಿಗೆ?" ಎಂದು ಅಜ್ಜಿ ಕೇಳಿದರು. ಮರುದಿನ ಊಟದ ಡಬ್ಬಿ ಸಮೇತ ಬಂದು ಆಫೀಸಿನ ಹೊರಗಿನ ಬೆಂಚಿನ ಮೇಲೆ ಕೂತರು. ಅದರ ಮರುದಿನವೂ ಕೂತರು. ಜಗಳವಿಲ್ಲ, ಗೋಗರೆಯುವುದಿಲ್ಲ, ಹೆಡ್‌ಮಾಸ್ಟರ್ ಹೊರಗೆ ಬಂದಾಗಲೆಲ್ಲ ಎದ್ದು ನಿಂತು ನಮಸ್ಕಾರ. ಐದನೇ ದಿನ ಅವರೇ ಸೋತರು. "ಒಂದು ತಿಂಗಳು. ಕೊನೇ ಪೀರಿಯಡ್ಡು. ಮೆಟ್ಟಿಲ ಕೆಳಗೆ ಜಾಗ ಇದೆ, ನೋಡ್ಕೊಳ್ಳಿ."

ಅಜ್ಜಿ ಅಲ್ಲಿಂದ ನೇರ ಹೋದದ್ದು ಹಳೆಯ ಅಚ್ಚುಕೂಟದ ಯಜಮಾನರ ಮನೆಗೆ. ಪೋಸ್ಟರಿಗೆಂದು ಬಳಸುತ್ತಿದ್ದ ದೊಡ್ಡ ಮರದ ಅಕ್ಷರಗಳು ಅವರ ಗ್ಯಾರೇಜಿನಲ್ಲಿದ್ದವು.

"ಸೀಸದ್ದು ಬೇಡ, ವಿಷ, ಮಕ್ಕಳ ಕೈಗೆ ಕೊಡಬಾರದು. ಮರದ್ದು ಕೊಡಿ."

"ಅಯ್ಯೋ, ಅದನ್ನ ಹೋಟೆಲಿನೋರು ಗೋಡೆ ಅಲಂಕಾರಕ್ಕೆ ಕೇಳಿದಾರಲ್ಲ."

"ಗೋಡೆ ಏನು ಓದೋದು ಕಲಿಯತ್ತಾ ಯಜಮಾನ್ರೇ?"

ಅವರು ನಕ್ಕು, ಪೆಟ್ಟಿಗೆಗಳನ್ನು ತಾವೇ ಆಟೋಗೆ ಎತ್ತಿಟ್ಟರು.

ಮೆಟ್ಟಿಲ ಕೆಳಗೆ ಎಂಟು ಮಕ್ಕಳು ಚಾಪೆಯ ಮೇಲೆ ಕೂತರು. ಅಚ್ಚಿನ ಅಕ್ಷರ ಕನ್ನಡಿಯೊಳಗೆ ಕಂಡಂತೆ ತಿರುಗಿರುತ್ತದೆ. 'ಮ' ಯಾವುದು, 'ವ' ಯಾವುದು ಎಂದು ತಿಳಿಯದೆ ಪುಟ್ಟಿ ಕೈ ಹಿಂದೆಗೆದಳು. ಅಜ್ಜಿ ಆ ಕೈ ಹಿಡಿದು ಮರದ ಮೇಲೆ ಬೆರಳಾಡಿಸಿದರು. "ನಂಗೂ ಮೊದಲ ಆರು ತಿಂಗಳು ಎಲ್ಲಾ ತಿರುಗುಮುರುಗು. ದಡ್ಡಿ ಅಂತ ಬೈಸ್ಕೊಂಡಿದೀನಿ. ಅವಸರ ಬೇಡ, ಬಾಲ ಎಲ್ಲಿದೆ ಹುಡುಕು."

ಮಕ್ಕಳು ತಮ್ಮ ಮಾತನ್ನೇ ಜೋಡಿಸಬೇಕು, ಶಾಯಿ ಹಚ್ಚಬೇಕು, ಮೇಲೆ ಕಾಗದವಿಟ್ಟು ಲಟ್ಟಣಿಗೆ ಉರುಳಿಸಬೇಕು. ಮೊದಲ ವಾರ ಬರೀ ಹೆಸರು. ಎರಡನೇ ವಾರ ಆಟದ ಬಯಲು ಕರೆದು, ನಾಲ್ವರು ತಪ್ಪಿಸಿಕೊಂಡರು. ಅಜ್ಜಿ ಬಯಲಿಗೇ ಹೋಗಿ ಕೈಹಿಡಿದು ಕರೆತಂದರು. ಮೂರನೇ ವಾರಕ್ಕೆ 'ನಮ್ಮ ಬೆಕ್ಕು ಅಪ್ಪನ ಚಪ್ಪಲಿಯಲ್ಲಿ ಮಲಗುತ್ತೆ' ಎನ್ನುವಂಥ ಸಾಲುಗಳು ಹುಟ್ಟಿದವು. ಹಾಳೆ ಮನೆಗೆ ಹೋಗುತ್ತಿತ್ತು, ಜೊತೆಗೆ ಅಜ್ಜಿಯ ಅಪ್ಪಣೆಯೂ: ಮನೆಯವರು ಯಾರಾದರೂ ಹತ್ತು ನಿಮಿಷ ಕೂತು ಕೇಳಲೇಬೇಕು. ಮಗಳಿಗೂ ವಿನಾಯಿತಿಯಿರಲಿಲ್ಲ.

ತಿಂಗಳು ಮುಗಿಯಲು ಎರಡು ದಿನವಿತ್ತು. ಒತ್ತಕ್ಷರ ಆಗಷ್ಟೇ ಕಲಿತಿದ್ದ ಉದ್ದ ಜಡೆಯ ಹುಡುಗಿ ಉತ್ಸಾಹದಲ್ಲಿ ಕಂಡಲ್ಲೆಲ್ಲ ಒತ್ತು ಇಡುತ್ತಿದ್ದಳು. ಹೆಡ್‌ಮಾಸ್ಟರ್ ಪ್ರಾರ್ಥನೆಯ ಹೊತ್ತಿನಲ್ಲಿ ಹೇಳಿದ್ದ ಕತೆ ಅವಳಿಗೆ ಇಷ್ಟವಾಗಿತ್ತು. ಅದನ್ನೇ ಜೋಡಿಸಿ, ಹಾಳೆ ಎತ್ತಿ ಹಿಡಿದಳು. ಉಳಿದ ಮಕ್ಕಳಿಗೆ ಏನೂ ಅನ್ನಿಸಲಿಲ್ಲ. ಪುಟ್ಟಿಯೊಬ್ಬಳೇ ತುಟಿ ಆಡಿಸಿದಳು, ಇನ್ನೊಮ್ಮೆ ಆಡಿಸಿದಳು, ಆಮೇಲೆ ಹೊಟ್ಟೆ ಹಿಡಿದುಕೊಂಡು ನಗತೊಡಗಿದಳು.

ನಗು ಕೇಳಿ ಹೆಡ್‌ಮಾಸ್ಟರ್ ಬಂದರು. ಹಾಳೆ ನೋಡಿ ಅವರ ಹುಬ್ಬು ಗಂಟಾಯಿತು. "ಇದನ್ನೇನಾ ನೀವು ಕಲಿಸ್ತಿರೋದು?"

"ತಪ್ಪು ಅಚ್ಚಾಗಿದೆ ಸಾರ್," ಅಜ್ಜಿ ಅಲುಗಲಿಲ್ಲ. "ಆದರೆ ಅದನ್ನ ಹಿಡಿದವಳು ಇವಳು. ಏನಿದೆ ಅಂತ ಅವಳನ್ನೇ ಕೇಳಿ."

ಪುಟ್ಟಿಯ ಮುಖ ಕೆಂಪಾಯಿತು. ಅಜ್ಜಿ ತಲೆಯಾಡಿಸಿದರು. ಅವಳು ಬೆರಳಿಟ್ಟು ಓದಿದಳು: "ನಮ್ಮ... ಮೇಷ್ಟ್ರ... ಕತ್ತೆ... ಚೆನ್ನಾಗಿದೆ." ಬೆರಳನ್ನು ಒತ್ತಿನ ಮೇಲೆ ತಂದು, "ಕತೆ ಅಂತ ಆಗ್ಬೇಕಿತ್ತು ಸಾರ್. ಒತ್ತು ಜಾಸ್ತಿ ಆಯ್ತು."

ಹೆಡ್‌ಮಾಸ್ಟರ್ ತಮ್ಮ ಜೇಬಿನಿಂದ ಒಂದು ಸುತ್ತೋಲೆ ತೆಗೆದು ಅವಳ ಮುಂದೆ ಹಿಡಿದರು. ಅವಳು ಎಂದೂ ಕಾಣದ ಕಾಗದ. ಮೊದಲ ಸಾಲಿಗೆ ಬಹಳ ಹೊತ್ತು ಹಿಡಿಯಿತು, ಒಂದು ಪದದಲ್ಲಿ ಎಡವಿದಳು, ಹಿಂದೆ ಹೋಗಿ ಮತ್ತೆ ಹಿಡಿದಳು. ಬಾಯಿಪಾಠ ಮಾಡಿದವರು ಹಾಗೆ ಎಡವುವುದಿಲ್ಲ. ಅಜ್ಜಿ ಗೋಡೆಯ ಕಡೆ ತಿರುಗಿ ಕನ್ನಡಕ ಒರೆಸಿಕೊಂಡರು.

"ಮುಂದಿನ ತಿಂಗಳೂ ಬನ್ನಿ," ಎಂದರು ಹೆಡ್‌ಮಾಸ್ಟರ್. ಹೋಗುತ್ತಾ ಆ ಹಾಳೆಯನ್ನು ಮಡಚಿ ಒಯ್ದರು. ಆಫೀಸಿನಲ್ಲಿ ಅವರೊಬ್ಬರೇ ನಗುತ್ತಿದ್ದರೆಂದು ಟೀಚರ್ ಆಮೇಲೆ ಹೇಳಿದರು.

ವರ್ಷದ ಕೊನೆಗೆ ಎಂಟರಲ್ಲಿ ಆರು ಜನ ಓದತೊಡಗಿದ್ದರು. ಪುಟ್ಟಿ ಶಾಲೆಯ ಕಪಾಟಿನಿಂದ ವಾರಕ್ಕೆರಡು ಪುಸ್ತಕ ತಂದು, ಊಟಕ್ಕೆ ಕರೆದರೆ "ಇನ್ನೊಂದು ಪುಟ" ಎಂದು ಅಮ್ಮನಿಂದ ಬೈಸಿಕೊಳ್ಳುತ್ತಿದ್ದಳು. ಉಳಿದಿಬ್ಬರಿಗೆ ಇನ್ನೂ ಕಷ್ಟವೇ. ರಜೆ ಶುರುವಾದ ದಿನ ಅಜ್ಜಿ ಅವರಿಬ್ಬರ ಮನೆಯ ದಾರಿ ಕೇಳಿಕೊಂಡು, ಕೈಚೀಲಕ್ಕೆ ಮರದ ಅಕ್ಷರ ತುಂಬಿಕೊಂಡು ಹೊರಟರು.