ಬಾಲಕ್ಕೆ ಕಟ್ಟಿದ ಚಪ್ಪಲಿ

ಮೊಬೈಲ್ ಬಂದು ಲ್ಯಾಂಡ್‌ಲೈನ್ ಸೊರಗುತ್ತಿದ್ದ ಕಾಲ. ಅರಸೀಕೆರೆಯ ಟೆಲಿಫೋನ್ ಆಫೀಸಿನಲ್ಲಿ ನನ್ನ ಪಕ್ಕದ ಕುರ್ಚಿಯ ಗುರುಮೂರ್ತಿಗೆ ಇಸ್ಪೀಟಿಲ್ಲ, ಬೀಡಿಯಿಲ್ಲ, ಇದ್ದ ಚಟವೆಂದರೆ ವಿಮಾನ ಒಂದೇ. ಬಿಕ್ಕೋಡಿನ ಕಾಫಿ ತೋಟದವರು ಬೇಸತ್ತು ಮೂಲೆಗೆಸೆದಿದ್ದ ರಿಮೋಟಿನ ವಿಮಾನವನ್ನು ಬಸ್ಸಿನ ಟಾಪ್ ಮೇಲೆ ಹಾಕಿ ತಂದಿದ್ದ. ಆಳುದ್ದಕ್ಕೂ ಮೀರಿದ ರೆಕ್ಕೆ, ಪೆಟ್ರೋಲ್ ಎಂಜಿನ್, ಆಕಾಶದಲ್ಲಿ ಲಾಗ ಹಾಕುವ ಜಾತಿ. ಬೆಳೆದ ಗಂಡಸು ಆಟಿಕೆ ಹಿಡಿದು ಕೂತರೆ ಯಾರಿಗೆ ತಾನೆ ಸಿಟ್ಟು ಬರುವುದಿಲ್ಲ? ನನಗಂತೂ ಬರುತ್ತಿತ್ತು. ಆದರೂ ಭಾನುವಾರವಾದರೆ ಅವನ ಹಿಂದೆ ಹೋಗುತ್ತಿದ್ದವನು ನಾನೇ.

ಹಾರಿಸಲು ಉಳಿದಿದ್ದ ಜಾಗ ಒಂದೇ: ಗಂಡಸಿ ಎಂಬ ಊರಿನಲ್ಲಿ ಅವನ ತಾಯಿ ಬೀರಮ್ಮನವರ ಮನೆ ಪಕ್ಕದ ಲಕ್ಕಪ್ಪನ ಬೀಳು ಹೊಲ. ಎಂಜಿನ್ನಿನ ಆರ್ಭಟಕ್ಕೆ ಲಕ್ಕಪ್ಪನ ಗಬ್ಬದ ಹಸು ಹಗ್ಗ ಕಿತ್ತುಕೊಂಡು ಓಡಿತ್ತು. ಸದ್ದಿಲ್ಲದೆ ಹಾರಿಸುವುದಾದರೆ ಇನ್ನೊಂದು ಸಲ ನೋಡೋಣ, ಇಲ್ಲದಿದ್ದರೆ ಈ ಕಡೆ ತಲೆ ಹಾಕಬೇಡಿ ಎಂದು ಅವನು ಖಡಾಖಂಡಿತವಾಗಿ ಹೇಳಿಬಿಟ್ಟ. ಆ ಹೊಲವೂ ಹೋದರೆ ವಿಮಾನ ಅಟ್ಟ ಸೇರಬೇಕಿತ್ತು. ಗುರುಮೂರ್ತಿಗೆ ಅನ್ನ ರುಚಿಸದಾಯಿತು.

ಕೊನೆಗೆ ತಾನೇ ಸೈಲೆನ್ಸರ್ ಮಾಡಿದ. ಎಂಜಿನ್ನಿನಿಂದ ಹೊಟ್ಟೆಯ ಕೆಳಗೆ ಹಾದು ಬಾಲದವರೆಗೂ ಅಲ್ಯೂಮಿನಿಯಂ ಕೊಳವೆ. ಸದ್ದು ಇಳಿಯಿತು, ಬಾಲ ಭಾರವಾಯಿತು. ವಿಮಾನವೂ ತಕ್ಕಡಿಯೇ ಎಂದು ನನಗೆ ಪಾಠ ಹೇಳುತ್ತ, ಇಬ್ಬರೂ ಒಂದೊಂದು ರೆಕ್ಕೆಯ ಅಡಿ ಬೆರಳಿಟ್ಟು ಎತ್ತಿ ನೋಡಿದಂತೆಲ್ಲ, ಅದು ಮಟ್ಟಸವಾಗಿ ನಿಲ್ಲುವವರೆಗೆ ಮೂಗಿನೊಳಗೆ ಸೀಸದ ತುಂಡು ಅಂಟಿಸುತ್ತಲೇ ಹೋದ. ನನ್ನ ಬೆರಳು ಬಾತುಕೊಂಡವು.

ಆಯುಧಪೂಜೆಯ ದಿನ ಬೀರಮ್ಮ ವಿಮಾನಕ್ಕೂ ಕುಂಕುಮವಿಟ್ಟರು. ಲಾರಿಗಳ ಹಿಂದೆ ಕಟ್ಟುವಂತೆ, ದೃಷ್ಟಿ ತಾಗದಿರಲೆಂದು ಮಗನ ಸವೆದ ಚಪ್ಪಲಿಯೊಂದನ್ನು ಕಪ್ಪು ದಾರದಲ್ಲಿ ಕೊಳವೆಯ ತುದಿಗೆ ಬಿಗಿದರು. ಗುರುಮೂರ್ತಿ ಅದನ್ನು ಬಿಚ್ಚದೆ, ಚಪ್ಪಲಿಯ ತೂಕಕ್ಕೆ ಸರಿಯಾಗಿ ಮೂಗಿಗೆ ಇನ್ನಷ್ಟು ಸೀಸ ಸೇರಿಸಿದ. ಆದರೆ ಎಂಜಿನ್ ಓಡಿದಾಗ ಆ ಕೊಳವೆ ಎಷ್ಟು ಕಾಯುತ್ತದೆಂದು ತೂಕದ ಗುಂಗಿನಲ್ಲಿ ಅವನು ಯೋಚಿಸಲೇ ಇಲ್ಲ.

ಮಧ್ಯಾಹ್ನ ವಿಮಾನ ಹಾರಿತು. ಹಸು ಮೇವಿನಿಂದ ತಲೆಯೆತ್ತಲಿಲ್ಲ. ಲಕ್ಕಪ್ಪ ಕೂಡ ಪರವಾಗಿಲ್ಲವೆಂಬಂತೆ ತಲೆಯಾಡಿಸಿದ. ನಾನೇ ಚಪ್ಪಾಳೆ ತಟ್ಟಿಬಿಟ್ಟೆ. ಲಾಗ ಹಾಕಿ, ಇಳಿಯಲೆಂದು ನಿಧಾನವಾಗಿ ಬರುತ್ತಿದ್ದಾಗ ದಾರ ಸುಟ್ಟು ಚಪ್ಪಲಿ ಕಳಚಿತು. ಬಾಲ ಹಗುರಾಗಿ ಮೂಗು ಕುಸಿಯಿತು. ಗುರುಮೂರ್ತಿ ರಿಮೋಟಿನ ಕಡ್ಡಿ ಎಳೆದೇ ಎಳೆದ. ವಿಮಾನ ಹಸುವಿನ ಪಕ್ಕದಲ್ಲೇ ನೆಲಕ್ಕೆ ಬಡಿದು ಚೂರಾಯಿತು.

ಹಸುವಿಗೇನೂ ಆಗಲಿಲ್ಲ. ಲಕ್ಕಪ್ಪ ಬೈದಿದ್ದರೆ ವಾಸಿಯಿತ್ತು. "ಸದ್ದಿದ್ದಿದ್ರೆ ಓಡಾದ್ರೂ ಓಡೋದು ಕಣ್ರೀ. ಈಗ ಬರೋದೇ ಅದ್ಕೆ ಗೊತ್ತಾಗಾಕಿಲ್ಲ. ಬ್ಯಾಡ, ಬಿಟ್ಬಿಡಿ," ಎಂದು ಹಸು ಬಿಚ್ಚಿಕೊಂಡು ಹೊರಟುಹೋದ.

ಬೀರಮ್ಮ ಹುಲ್ಲಿನಲ್ಲಿ ತಡಕಾಡಿ ಚಪ್ಪಲಿ ಹುಡುಕಿ ತಂದರು. ಕಣ್ಣು ತುಂಬಿತ್ತು. "ಗಂಟು ಬಿಗಿಯಾಗಿ ಹಾಕ್ನಿಲ್ಲ ಕಣ್ಲಾ ಮಗ. ಚಪ್ಪಲಿ ಬಿದ್ದಿದ್ಕೇ ಇದೂ ಬಿತ್ತು."

ಚಪ್ಪಲಿಯ ಮಾತು ಸುಳ್ಳಲ್ಲ, ಅದು ನಮ್ಮಿಬ್ಬರಿಗೂ ಗೊತ್ತಿತ್ತು. ಗುರುಮೂರ್ತಿ ಚಪ್ಪಲಿ ಇಸಿದುಕೊಂಡು, ಕರಕಲಾಗಿದ್ದ ದಾರದ ತುದಿಯನ್ನು ತಾಯಿಯ ಬೆರಳಿಗೆ ಮುಟ್ಟಿಸಿದ.

"ನಿನ್ನ ಗಂಟು ಇನ್ನೂ ಹಂಗೇ ಐತೆ, ನೋಡವ್ವ," ಎಂದ. "ಸುಟ್ಟಿದ್ದು ನಾನು."