ಗರ್ಭಗುಡಿಯ ಪರದೆ

ಪ್ರಹ್ಲಾದ ಮಾಸ್ತರರದು ಬೆಟಗೇರಿಯ ಶಾಲೆಯಲ್ಲಿ ಚಿತ್ರಕಲೆ ಕಲಿಸುವ ನೌಕರಿ. ಸಂಜೆಯಾದರೆ ಅದೇ ಕಲೆಯಿಂದ ಊರನ್ನು ಸುಧಾರಿಸುವ ಹುಚ್ಚು. ಅರ್ಚಕರ ಮನೆಯಲ್ಲಿ ಹುಟ್ಟಿದವರು ಹರಿಜನಕೇರಿಯ ಕಟ್ಟೆಗೆ ಹೋಗಿ ಕೂತು, ಅಲ್ಲಿಯ ಹರೆಯದ ಹುಡುಗರ ಕೈಗೆ ಕುಂಚ ಕೊಟ್ಟರು. "ಕುಂಚಕ್ಕ ಜಾತಿ ಇಲ್ಲೋ," ಎನ್ನುತ್ತಿದ್ದರು. ಕುಂಚಕ್ಕೇನೋ ಇರಲಿಲ್ಲ.

ಎಪ್ಪತ್ತಾರನೇ ಇಸವಿಯ ದಸರೆಗೆ ಗುಡಿಯ ಅಂಗಳದಲ್ಲಿ ನಾಟಕ. ಗುಡಿಯ ಅರ್ಚಕ ಮಾಸ್ತರರ ಅಣ್ಣ ರಾಮಚಂದ್ರಾಚಾರ್ಯ. ನಾಟಕದ ಹಿಂದಿನ ಪರದೆಯನ್ನು ತಮ್ಮ ಹುಡುಗರೇ ಬರೆಯಲಿ, ಆ ದಿನ ಅವರೂ ಅಂಗಳದಲ್ಲಿ ಎಲ್ಲರ ಜತೆ ಕೂಡಲಿ ಎಂದು ಮಾಸ್ತರರು ಕೇಳಿದರು. ಅಣ್ಣ "ನೋಡೋಣಂತ" ಎಂದರು. ಅಷ್ಟನ್ನೇ ವಚನವೆಂದು ತಿಳಿದ ಭೋಳೆ ಮನುಷ್ಯ ಹುಡುಗರಿಗೂ ಮಾತು ಕೊಟ್ಟುಬಂದರು.

ಪರದೆಯ ಮೇಲೆ ಬೇಕಾದದ್ದು ಗರ್ಭಗುಡಿ. ಹುಡುಗರಲ್ಲಿ ಗುಡಿಯ ಹೊಸ್ತಿಲು ದಾಟಿದವನು ಒಬ್ಬನೂ ಇಲ್ಲ. ನಂದಾದೀಪ ಎಲ್ಲಿ ತೂಗುತ್ತದೆ, ಹೊಸ್ತಿಲು ಎಲ್ಲಿ ಸವೆದಿದೆ ಎಂದು ಮಾಸ್ತರರು ಕಣ್ಣುಮುಚ್ಚಿ ಹೇಳುತ್ತ ಹೋದರು; ಅವರಲ್ಲಿ ಜಾಣನಾದ ಸಕ್ರಪ್ಪ ಕೇಳುತ್ತ ಕೇಳುತ್ತ ಬರೆದ. ಅಂಟಿನ ನೀರಿನಲ್ಲಿ ಕಲಸಿದ ಪುಡಿಬಣ್ಣ, ಅಷ್ಟೇ. ಆದರೂ ಆ ದೀಪ ನೋಡಿ ಮಾಸ್ತರರ ಕಣ್ಣು ತುಂಬಿಬಂತು.

ನಾಟಕದ ದಿನ ಮುಂಜಾನೆ ಹುಡುಗರು ತಲೆಗೆ ಎಣ್ಣೆ ಹಚ್ಚಿ, ಒಗೆದ ಅಂಗಿ ತೊಟ್ಟು, ಪರದೆ ಹೊತ್ತು ತಂದರು. ರಾಮಚಂದ್ರಾಚಾರ್ಯರು ಬಾಗಿಲಲ್ಲೇ ತಡೆದರು.

"ಪರದೆ ಭಾಳ ಛಲೋ ಆಗ್ಯದ. ಅದು ಒಳಗ ಬರ್ಲಿ. ಹುಡುಗೂರು ಹೊರಗ ನಿಂತು ನೋಡ್ಲಿ."

ಹಾಗೆಂದು, ಮೈಲಿಗೆ ಕಳೆಯಲು ಪರದೆಯ ಮೇಲೆ ಕೊಡ ನೀರು ಸುರಿಸಿದರು. ಆ ಬಣ್ಣ ನೀರಿಗೆ ನಿಲ್ಲದೆಂದು ಮಾಸ್ತರರು ಹೇಳುವಷ್ಟರಲ್ಲಿ ಇನ್ನೊಂದು ಕೊಡವೂ ಬಿತ್ತು. ದೀಪ ಹೊಸ್ತಿಲ ಮೇಲೆ ಇಳಿಯಿತು, ಹೊಸ್ತಿಲು ಮಣ್ಣಿಗೆ ಹರಿಯಿತು. ಆಚಾರ್ಯರಿಗೆ ಗಾಬರಿ, ಅದೂ ಸಂಜೆಯ ನಾಟಕ ಕೆಟ್ಟೀತೆಂದು.

"ಪ್ರಹ್ಲಾದಾ, ಅವರ ಕೈಲೆ ಜಲ್ದಿ ಸರಿ ಮಾಡಸು."

ಮಾಸ್ತರರು ಸಿಡಿದೇಳಬೇಕಿತ್ತು. ಅದು ಬಿಟ್ಟು ಸಕ್ರಪ್ಪನ ಮುಂದೆ ಕುಂಚ ಹಿಡಿದರು. "ಇದೊಂದ ಸಲ, ತಮ್ಮಾ. ಮುಂದಿನ ವರ್ಷ ಖಂಡಿತ ಒಳಗ ಕೂಡಸ್ತೇನಿ."

ಸಕ್ರಪ್ಪ ಕುಂಚ ಮುಟ್ಟಲಿಲ್ಲ. "ಒಳಗ ಹೆಂಗೈತಿ ಅಂತ ನಿಮಗ ಗೊತ್ತೈತಲ್ರಿ, ಮಾಸ್ತರ. ನೀವ ಬರೀರಿ. ನಿಮ್ಮ ಮಾತು ನಂಬಿ ನಾವು ಒಮ್ಮೆ ಬರದೇವಿ, ಸಾಕು."

ಹುಡುಗರು ಕೇರಿಯ ದಾರಿ ಹಿಡಿದರು. ಮಾಸ್ತರರು ಪರದೆಯನ್ನು ಬಿಸಿಲಿಗೆ ಒಣಗಿಸಿ, ಧೋತರ ಎತ್ತಿಕಟ್ಟಿ, ಸಂಜೆಯೊಳಗೆ ತಾವೇ ಬರೆದು ಮುಗಿಸಿದರು. ನಾಟಕಕ್ಕೆ ಮುಂಚೆ ಊರ ಹಿರಿಯರು ಅವರನ್ನು ಹರಿಜನೋದ್ಧಾರಕರೆಂದು ಹೊಗಳಿ ಶಾಲು ಹೊದಿಸಿದರು. ಮಾಸ್ತರರು ಬೇಡವೆನ್ನಲಿಲ್ಲ.

ಎಂಬತ್ತೆರಡನೇ ಇಸವಿಯಲ್ಲಿ ನಿವೃತ್ತರಾಗುವ ತನಕ ಸಂಜೆಗೆ ಕುಂಚಗಳನ್ನು ಹಿಡಿದು ಕೇರಿಯ ಕಟ್ಟೆಗೆ ಹೋಗಿ ಕೂಡುತ್ತಿದ್ದರು. ಹುಡುಗರು ಎದುರಿಗೇ ಹಾದು ಹೋಗುತ್ತಿದ್ದರು, "ನಮಸ್ಕಾರ್ರಿ ಮಾಸ್ತರ" ಎಂದು. ಒಬ್ಬನೂ ನಿಲ್ಲಲಿಲ್ಲ.